ಯಾರ ಹಾಡು ಯಾರ ಬಾಯಲ್ಲಿ

ಅಕ್ಕಾ, ಒಂದು ಗಳಿಗೆ ಬೇಲಿ ಹತ್ತಿರ ಬನ್ನಿ. ಒಲೆ ಮೇಲೆ ಏನೂ ಇಟ್ಟಿಲ್ಲ ತಾನೇ? ನಿನ್ನೆ ನಿಮ್ಮ ಮಗ ಟೋಕಿಯೋದಿಂದ ಫೋನ್ ಮಾಡಿದಾಗ ಹೇಳಿದನಂತಲ್ಲ, ಅಲ್ಲಿ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಇಂಗ್ಲಿಷ್ ಸಿನಿಮಾದಲ್ಲಿ ಹೊಸ ವರ್ಷಕ್ಕೆ ಹಾಡ್ತಾರಲ್ಲ ಆ ಹಾಡು ಹಾಕ್ತಾರೆ ಅಂತ. ಅದಕ್ಕೆ ನೀವು ‘ಜಪಾನಿನವರು ನಕಲು ಮಾಡೋದ್ರಲ್ಲಿ ಎತ್ತಿದ ಕೈ ಬಿಡಿ’ ಅಂದ್ರಿ. ನಾನು ಆಗ ಸುಮ್ಮನಿದ್ದೆ. ಆದರೆ ಆ ಮಾತು ಒಪ್ಪೋಕೆ ನನ್ನಿಂದ ಆಗ್ತಿಲ್ಲ. ಸಂಗೀತದ ವಿಷಯದಲ್ಲಂತೂ ಆಗೋದೇ ಇಲ್ಲ.

ಆ ಹಾಡು ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’. ಅದು ಜಪಾನಿಗೆ ಹೋದ ಕಥೆ ಕೇಳಿ. ಇಸಾವಾ ಶೂಜಿ ಅಂತ ಒಬ್ಬ ಯುವಕ, ಮೇಷ್ಟ್ರ ತರಬೇತಿಗೆ ಅಂತ 1875ರಲ್ಲಿ ಅಮೆರಿಕಕ್ಕೆ ಹೋದ. ಎಲ್ಲ ಪಾಠದಲ್ಲೂ ಮುಂದು, ಹಾಡೋದೊಂದು ಬರಲಿಲ್ಲ. ಪಾಶ್ಚಾತ್ಯರ ಸ್ವರ ಗಂಟಲಿಗೆ ಹತ್ತಲೇ ಇಲ್ಲ. ನಿಮ್ಮ ದೇಶ ಬೇರೆ, ನಮ್ಮ ಸಂಗೀತ ಬೇರೆ, ನಿನಗೆ ಈ ಪಾಠದಿಂದ ವಿನಾಯಿತಿ ಕೊಡ್ತೀನಿ ಅಂತ ಕಾಲೇಜಿನ ಮುಖ್ಯಸ್ಥರೇ ಹೇಳಿದರು. ಅವನಿಗೆ ಅದು ಅವಮಾನ ಅನ್ನಿಸಿ ಅತ್ತುಬಿಟ್ಟನಂತೆ. ಆಮೇಲೆ ಬಾಸ್ಟನ್‌ನ ಲೂಥರ್ ವೈಟಿಂಗ್ ಮೇಸನ್ ಅನ್ನೋ ಮೇಷ್ಟ್ರ ಹತ್ತಿರ ಹೋಗಿ ಪಟ್ಟು ಹಿಡಿದು ಕಲಿತ. 1880ರಲ್ಲಿ ಅದೇ ಮೇಸನ್ ಟೋಕಿಯೋಕ್ಕೆ ಬಂದರು, ಇಬ್ಬರೂ ಸೇರಿ ಶಾಲೆ ಮಕ್ಕಳಿಗೆ ಹಾಡಿನ ಪುಸ್ತಕ ಮಾಡಿದರು. ಈ ಸ್ಕಾಟಿಷ್ ಮಟ್ಟು ಆ ಪುಸ್ತಕಕ್ಕೆ ಸೇರಿದ್ದು ‘ಹೊತಾರು ನೋ ಹಿಕಾರಿ’ ಅನ್ನೋ ಜಪಾನಿ ಹಾಡಾಗಿ.

ಈಗ ನೀವು ಅದನ್ನ ಮನಸ್ಸಲ್ಲೇ ಒಂದು ಸಲ ಗುನುಗಿ ನೋಡಿ. ವೀಣೆ ಹಿಡಿದವರು, ನಿಮಗೆ ತಕ್ಷಣ ಗೊತ್ತಾಗುತ್ತೆ. ಮಧ್ಯಮ ಇಲ್ಲ, ನಿಷಾದ ಇಲ್ಲ. ನಮ್ಮ ಮೋಹನದ ಐದೇ ಸ್ವರ. ಸ್ಕಾಟ್ಲೆಂಡಿನ ಹಳೇ ಹಾಡುಗಳು ಎಷ್ಟೋ ಹೀಗೇ ಇವೆ. ಜಪಾನಿನ ಕಿವಿಗೂ ಐದು ಸ್ವರದ ನಡಿಗೆಯೇ ರೂಢಿ. ಅದಕ್ಕೇ ಆ ಹಾಡು ಅಲ್ಲಿ ಸಲೀಸಾಗಿ ಊರಿತು. ಮುಂದೆ ಎಷ್ಟೋ ಮಕ್ಕಳ ಹಾಡುಗಳು ಆ ಮಾದರಿಯಲ್ಲೇ ಬಂದವು. ಬರ್ಲಿನ್‌ನಲ್ಲಿ ಮ್ಯಾಕ್ಸ್ ಬ್ರೂಖ್ ಹತ್ತಿರ ಕಲಿತು, 1912ರಲ್ಲೇ ಪೂರ್ತಿ ಸಿಂಫನಿ ಬರೆದ ಕೋಸಾಕು ಯಮಾದಾ ‘ಅಕಾತೊಂಬೊ’ ಅಂತ ಕೆಂಪು ಏರೋಪ್ಲೇನ್ ಚಿಟ್ಟೆ ಮೇಲೆ ಒಂದು ಹಾಡು ಮಾಡಿದಾರೆ. ಜಪಾನಿನಲ್ಲಿ ಅದು ಬರದೇ ಇರೋ ಮನುಷ್ಯ ಇಲ್ಲ. ಅದೂ ಮೋಹನದ ಸ್ವರಗಳೇ. ಇದನ್ನೆಲ್ಲ ನಕಲು ಅಂದರೆ ಹೇಗಕ್ಕಾ? ಹತ್ತಿರದ ಕಿವಿ ಹತ್ತಿರದ ಹಾಡನ್ನ ಗುರುತು ಹಿಡೀತು, ಅಷ್ಟೆ.

ಹಾಗಾದರೆ ಆ ಕಡೆಯವರು ಈ ಕಡೆಯಿಂದ ಏನು ತಗೊಂಡರು ಅಂತೀರಾ? ತಗೊಂಡರು, ಬೇಕಾದಷ್ಟು ತಗೊಂಡರು. ಮೊದಮೊದಲು ಬರೀ ಮಟ್ಟುಗಳನ್ನ ತಗೊಂಡರು. ಇಟಲಿಯ ಸಂಗೀತಕಾರ ಪುಚ್ಚೀನಿಯ ‘ಮದಾಮಾ ಬಟರ್‌ಫ್ಲೈ’ ಆಪೆರಾ ಹೆಸರು ಕೇಳಿರ್ತೀರಿ. ನಾಗಸಾಕಿಯ ಹುಡುಗಿ, ಕೈಬಿಟ್ಟು ಹೋಗೋ ಅಮೆರಿಕದ ನೌಕಾಧಿಕಾರಿ, ಆ ಕಥೆ. ಪುಚ್ಚೀನಿ ಜಪಾನ್ ಕಂಡವರಲ್ಲ. ಇಟಲಿಯಲ್ಲಿದ್ದ ಜಪಾನಿ ರಾಯಭಾರಿಯ ಹೆಂಡತಿ ಹಿಸಾಕೊ ಓಯಾಮಾ ಅವರನ್ನ ಕಂಡು, ಅವರ ಬಾಯಿಂದ ಹಾಡು ಕೇಳಿಸ್ಕೊಂಡು, ಅಚ್ಚಾದ ಹಾಡಿನ ಪುಸ್ತಕ ತರಿಸಿ, ಒಂದೊಂದನ್ನೇ ಆಪೆರಾದೊಳಗೆ ಪೋಣಿಸಿದರು. ಮದುವೆ ದೃಶ್ಯದಲ್ಲಿ ಸರ್ಕಾರಿ ಅಧಿಕಾರಿ ಬಂದಾಗ ಜಪಾನಿನ ರಾಷ್ಟ್ರಗೀತೆಯ ಮಟ್ಟೇ ಕೇಳುತ್ತೆ. ಆ ರಾಷ್ಟ್ರಗೀತೆಗೋ, ಜಪಾನಿನ ಆಸ್ಥಾನದ ಸಂಗೀತಗಾರರ ಮಟ್ಟಿಗೆ ಪಾಶ್ಚಾತ್ಯ ಹಾರ್ಮನಿ ಕೂರಿಸಿದ್ದು ಫ್ರಾನ್ಸ್ ಎಕರ್ಟ್ ಅನ್ನೋ ಜರ್ಮನ್ ಬ್ಯಾಂಡ್ ಮೇಷ್ಟ್ರು, 1880ರಲ್ಲಿ. ಈ ಗಂಟಲ್ಲಿ ಯಾವ ಎಳೆ ಯಾರದು ಅಂತ ಬಿಡಿಸೋದು ಕಷ್ಟ.

1904ರ ಫೆಬ್ರವರಿಯಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ಮೊದಲ ಪ್ರದರ್ಶನ ಆದಾಗ ಜನ ಕೂಗಿ ಗಲಾಟೆ ಮಾಡಿ ಹಾಳುಮಾಡಿದರು. ತಿದ್ದಿ ಮೇ ತಿಂಗಳಲ್ಲಿ ಬ್ರೆಷಾದಲ್ಲಿ ಆಡಿದಾಗ ಗೆದ್ದಿತು. ನನಗೆ ಆ ಸಂಗೀತ ಇಷ್ಟವೇ, ಕೇಳಿದಾಗಲೆಲ್ಲ ಗಂಟಲು ಕಟ್ಟುತ್ತೆ. ಆದರೆ ಗಮನಿಸಿ: ಆ ಹುಡುಗಿ ಗಂಡ ಬಂದೇ ಬರ್ತಾನೆ ಅಂತ ಎದೆ ಬಿಚ್ಚಿ ಹಾಡೋ ಹಾಡಿದೆಯಲ್ಲ, ಅಲ್ಲಿ ಅವಳು ಪೂರ್ತಿ ಇಟಲಿಯವಳು. ಜಪಾನಿ ಮಟ್ಟುಗಳು ಅವಳ ಮನೆಯ ಪರದೆ, ಕಿಮೊನೊ, ಬೀಸಣಿಗೆ ಇದ್ದ ಹಾಗೆ ಸುತ್ತ ಇರ್ತವೆ, ಒಳಗೆ ಹೋಗಲ್ಲ. ಆಶ್ಚರ್ಯ ಅಂದರೆ ತಮಾಕಿ ಮಿಯುರಾ ಅನ್ನೋ ಜಪಾನಿ ಗಾಯಕಿ 1915ರಲ್ಲಿ ಲಂಡನ್‌ನಲ್ಲಿ ಆ ಪಾತ್ರ ಹಾಡಿದವರು, ಮುಂದೆ ಅದನ್ನೇ ಹಾಡ್ತಾ ದೇಶದೇಶ ಸುತ್ತಿದರು. ಇಟಲಿಯವನ ಕಲ್ಪನೆಯ ಜಪಾನಿಗೆ ನಿಜವಾದ ಜಪಾನಿನ ದನಿ ಸಿಕ್ಕಿತು. ನಾಗಸಾಕಿಯಲ್ಲಿ ಅವರ ಪ್ರತಿಮೆ ಇದೆ. ನಿಮ್ಮ ಮಗ ಆ ಕಡೆ ಹೋದರೆ ನೋಡಿಕೊಂಡು ಬರಲಿ.

ಹಾಂ, ಕೂತ್ಕೊಳ್ಳಿ, ಆ ಕಟ್ಟೆ ಮೇಲೇ ಕೂತ್ಕೊಳ್ಳಿ. ನನಗೆ ಹೇಳಬೇಕಾಗಿರೋದು ಇನ್ನು ಮುಂದೆ ಇದೆ.

ಮಿಚಿಯೊ ಮಿಯಾಗಿ ಅಂತ ಕೊತೊ ವಾದಕರು. ಕೊತೊ ಅಂದರೆ ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ಬೆರಳಿಗೆ ನಖಿ ಹಾಕ್ಕೊಂಡು ನುಡಿಸೋ ಹದಿಮೂರು ತಂತಿಯ ವಾದ್ಯ. ಮಿಯಾಗಿ ಚಿಕ್ಕ ವಯಸ್ಸಲ್ಲೇ ಕಣ್ಣು ಕಳಕೊಂಡವರು. ಪಾಶ್ಚಾತ್ಯ ಸಂಗೀತ ಕೇಳಿ ಕೇಳಿ, ನಮ್ಮ ವಾದ್ಯಮೇಳದಲ್ಲಿ ಕೆಳಸ್ಥಾಯಿಯ ದನಿ ಸಾಲದು ಅನ್ನಿಸಿ 1921ರಲ್ಲಿ ಹದಿನೇಳು ತಂತಿಯ ದೊಡ್ಡ ಕೊತೊ ಮಾಡಿಸಿದರು. 1929ರಲ್ಲಿ ಕೊತೊ ಮತ್ತು ಶಾಕುಹಾಚಿ ಕೊಳಲಿಗೆ ‘ಹಾರು ನೋ ಉಮಿ’ ಬರೆದರು. ವಸಂತದ ಕಡಲು ಅದರ ವಸ್ತು. ರೆನೆ ಶೆಮೆ ಅನ್ನೋ ಫ್ರೆಂಚ್ ಪಿಟೀಲು ವಾದಕಿ ಕಚೇರಿಗೆ ಅಂತ ಜಪಾನಿಗೆ ಬಂದಾಗ ಇದನ್ನ ಕೇಳಿ ಬೆರಗಾಗಿ, ಶಾಕುಹಾಚಿಯ ಭಾಗವನ್ನ ಪಿಟೀಲಿಗೆ ಅಳವಡಿಸಿಕೊಂಡು ಮಿಯಾಗಿ ಜೊತೆ ಕೂತು ನುಡಿಸಿದರು. 1932ರಲ್ಲಿ ಆ ಜೋಡಿಯ ಗ್ರಾಮಫೋನ್ ಪ್ಲೇಟೂ ಬಂತು. ಕಣ್ಣು ಕಾಣದ ಕೊತೊ ವಾದಕ, ಜಪಾನಿ ಭಾಷೆ ಬಾರದ ಫ್ರೆಂಚ್ ಹೆಂಗಸು, ಮಧ್ಯೆ ಅಲೆಯ ಏರಿಳಿತ! ಈಗ ಜನವರಿ ಒಂದಕ್ಕೆ ಜಪಾನಿನ ಅಂಗಡಿ, ಟಿವಿ ಎಲ್ಲೆಲ್ಲೂ ಕೇಳೋದು ಇದನ್ನೇ. ಇದು ಅಪ್ಪಟ ಹಳೇ ಜಪಾನ್ ಅಂತ ಕೇಳಿದವರು ಅಂದ್ಕೋತಾರೆ. ನೀವು ಕೇಳಿ ನೋಡಿ, ಫ್ರೆಂಚ್ ಸಂಗೀತಕಾರ ಡೆಬ್ಯುಸಿಯ ಗಾಳಿ ಅದರಲ್ಲಿ ಹಾಯ್ದಿದೆ.

ಈಗ ಬ್ರಿಟನ್ ವಿಷಯ. ದೇಶ ಅಲ್ಲಕ್ಕಾ, ಬೆಂಜಮಿನ್ ಬ್ರಿಟನ್, ಇಂಗ್ಲೆಂಡಿನ ಸಂಗೀತಕಾರ. ಜಪಾನಿನ ಜೊತೆ ಇವರ ನಂಟು ಶುರುವಾಗಿದ್ದು ಮನಸ್ತಾಪದಿಂದ. ತಮ್ಮ ಸಾಮ್ರಾಜ್ಯಕ್ಕೆ 2600 ವರ್ಷ ತುಂಬಿತು ಅಂತ ಜಪಾನ್ ಸರ್ಕಾರ 1940ರಲ್ಲಿ ಯುರೋಪಿನ ಹಲವರಿಂದ ಸಂಗೀತ ಬರೆಸಿತು. ರಿಚರ್ಡ್ ಸ್ಟ್ರಾಸ್ ಉತ್ಸವದ ಸಂಗೀತ ಬರೆದುಕೊಟ್ಟರು. ಬ್ರಿಟನ್ ಕೊಟ್ಟಿದ್ದು ‘ಸಿನ್ಫೋನಿಯಾ ದ ರೆಕ್ವಿಯೆಂ’, ತೀರಿಹೋದ ಅಪ್ಪ ಅಮ್ಮನ ನೆನಪಿಗೆ ಬರೆದ ಶೋಕಸಂಗೀತ. ಭಾಗಗಳಿಗೆ ಕ್ರೈಸ್ತರ ಶ್ರಾದ್ಧಪ್ರಾರ್ಥನೆಯ ಹೆಸರು ಬೇರೆ. ಹಬ್ಬಕ್ಕೆ ಇದೇನು ಅಂತ ಜಪಾನಿನವರು ಬೇಡ ಅಂದರು. ನ್ಯೂಯಾರ್ಕ್ ಅದನ್ನ 1941ರಲ್ಲಿ ಮೊದಲು ಕೇಳಿತು. ಆಮೇಲೆ ಯುದ್ಧ, ಬಾಂಬು, ಎಲ್ಲ ಆಗಿಹೋಯ್ತು. 1956ರ ಫೆಬ್ರವರಿಯಲ್ಲಿ ಬ್ರಿಟನ್ ತಾವೇ ಟೋಕಿಯೋಕ್ಕೆ ಹೋಗಿ, ಅಲ್ಲಿಯ ವಾದ್ಯವೃಂದದ ಎದುರು ನಿಂತು ಅದೇ ಕೃತಿ ನಡೆಸಿಕೊಟ್ಟರು.

ಅದೇ ಪ್ರವಾಸದಲ್ಲಿ ಅವರನ್ನ ‘ನೋ’ ಅನ್ನೋ ಜಪಾನಿನ ಹಳೇ ಶೈಲಿಯ ಒಂದು ನಾಟಕಕ್ಕೆ ಕರಕೊಂಡು ಹೋದರು. ‘ಸುಮಿದಾಗಾವಾ’ ಅಂತ, ಹದಿನೈದನೇ ಶತಮಾನದ್ದು, ಮೊತೊಮಾಸಾ ಬರೆದಿದ್ದು. ಕಥೆ ಇಷ್ಟೇ. ಕಳ್ಳರು ಹೊತ್ತುಕೊಂಡು ಹೋದ ಮಗನನ್ನ ಹುಡುಕ್ತಾ ಒಬ್ಬ ತಾಯಿ ಬುದ್ಧಿ ಕೆಟ್ಟು ಕ್ಯೋತೊದಿಂದ ಅಷ್ಟು ದೂರ ಸುಮಿದಾ ನದಿ ತೀರಕ್ಕೆ ಬರ್ತಾಳೆ. ಅಂಬಿಗ ಮೊದಲು ಹತ್ತಿಸಿಕೊಳ್ಳಲ್ಲ, ಆಮೇಲೆ ಮನಸ್ಸು ಕರಗಿ ಹತ್ತಿಸಿಕೊಳ್ತಾನೆ. ಆಚೆ ದಡದಲ್ಲಿ ಜನ ಸೇರಿದಾರೆ, ಯಾಕೆ ಅಂತ ಯಾರೋ ಕೇಳಿದಾಗ ಹೇಳ್ತಾನೆ: ಹೋದ ವರ್ಷ ಇದೇ ದಿನ ಇಲ್ಲಿ ಒಬ್ಬ ಹುಡುಗ ಸತ್ತ, ಊರು ಕ್ಯೋತೊ ಅಂದ. ದೋಣಿ ಸಾಗ್ತಾ ಇದೆ, ಅವನು ಹೇಳ್ತಾ ಇದಾನೆ, ಅವಳು ಕೇಳ್ತಾ ಇದಾಳೆ. ದಡ ಬರೋ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಾಗಿದೆ. ಸಮಾಧಿ ಮುಂದೆ ಬುದ್ಧನ ನಾಮ ಜಪಿಸುವಾಗ ಮಗು ಕಾಣಿಸುತ್ತೆ, ಅಪ್ಪಿಕೊಳ್ಳೋಕೆ ಹೋದರೆ ಕೈಗೆ ಸಿಗಲ್ಲ. ಬೆಳಕು ಹರಿದರೆ ಹುಲ್ಲು ಬೆಳೆದ ದಿಬ್ಬ.

ಈ ನಾಟಕ ಬರೆದ ಕಾಲದಲ್ಲೇ ಇದರ ಬಗ್ಗೆ ಒಂದು ಚರ್ಚೆ ಆಗಿತ್ತು ನೋಡಿ. ಮೊತೊಮಾಸಾನ ತಂದೆ ಝೆಯಾಮಿ, ನೋ ನಾಟಕಕ್ಕೆ ಶಾಸ್ತ್ರ ಬರೆದ ಮಹಾನುಭಾವ. ಆ ಮಗು ರಂಗದ ಮೇಲೆ ಬರೋದು ಬೇಡ, ತಾಯಿಗೆ ಮಾತ್ರ ಕಂಡರೆ ಸಾಕು ಅಂತ ಅವನ ಅಭಿಪ್ರಾಯ. ಹಾಗೆ ಆಡೋಕೆ ನನ್ನಿಂದ ಆಗಲ್ಲ ಅಂತ ಮಗ. ಆ ವಾದ ಇವತ್ತಿಗೂ ಜೀವಂತ. ಅಪ್ಪ ಹೇಳಿದ ಹಾಗೆ ಮಗುವಿಲ್ಲದೆ ಆಡೋದೂ ಉಂಟು.

ಬ್ರಿಟನ್ ಅದೇ ನಾಟಕವನ್ನ ಇನ್ನೊಂದು ಸಲ ಹೋಗಿ ನೋಡಿದರು. ಅವರ ಜೊತೆಯ ಗಾಯಕ ಪೀಟರ್ ಪಿಯರ್ಸ್‌ಗೂ ಹಾಗೇ ಹಿಡಿದುಬಿಟ್ಟಿತು. ನಿಧಾನವಾಗಿ ನಡೆಯೋ ಪಾತ್ರ, ಹೆಂಗಸಿನ ಮುಖವಾಡ ಹಾಕಿದ ಗಂಡಸು, ಡೋಲು ಬಾರಿಸುವವರ ಕೂಗು, ಇಷ್ಟರಲ್ಲೇ ಇಡೀ ನದಿ ಕಾಣುತ್ತಲ್ಲ, ಅದು. ಆದರೆ ಮಟ್ಟು ಬರಕೊಂಡು ಬಂದು ಮರುವರ್ಷವೇ ಜಪಾನಿ ಆಪೆರಾ ಮಾಡಲಿಲ್ಲ ಮಹಾರಾಯರು. ಎಂಟು ವರ್ಷ ಒಳಗೇ ಇಟ್ಕೊಂಡರು. ಜಪಾನಿನಲ್ಲಿ ವರ್ಷಗಟ್ಟಲೆ ಇದ್ದ ವಿಲಿಯಂ ಪ್ಲೂಮರ್ ಅನ್ನೋ ಲೇಖಕರಿಂದ ಮಾತು ಬರೆಸಿದರು. ಸುಮಿದಾ ನದಿ ಇಂಗ್ಲೆಂಡಿನ ಪೂರ್ವದ ಜೌಗುಸೀಮೆಯ ನದಿಯಾಯ್ತು, ಆಡುವವರು ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳಾದರು. ಹೆಸರು ‘ಕರ್ಲ್ಯೂ ರಿವರ್’. 1964ರ ಜೂನ್‌ನಲ್ಲಿ ಆರ್ಫರ್ಡ್ ಅನ್ನೋ ಹಳ್ಳಿಯ ಚರ್ಚಿನಲ್ಲಿ ಆಡಿದರು. ತಾಯಿ ಪಾತ್ರ ಪಿಯರ್ಸ್ ಅವರದೇ.

ಅದರಲ್ಲಿ ಜಪಾನಿ ಮಟ್ಟನ್ನ ಹುಡುಕಿ ಹೊರಟರೆ ನಿಮಗೆ ಸಿಗೋದು ಚರ್ಚಿನ ಹಳೇ ಲ್ಯಾಟಿನ್ ಸ್ತೋತ್ರದ ಧಾಟಿ. ಜಪಾನ್ ಇರೋದು ನಡೆಸೋ ರೀತಿಯಲ್ಲಿ. ಏಳೇ ಜನ ವಾದ್ಯದವರು, ಎದುರಿಗೆ ನಿಂತು ಕೋಲು ಆಡಿಸೋ ಕಂಡಕ್ಟರ್ ಇಲ್ಲ. ಒಬ್ಬರನ್ನೊಬ್ಬರು ಕೇಳಿಸ್ಕೊಂಡೇ ಹೋಗಬೇಕು, ಒಬ್ಬ ಮುಂದೆ ಒಬ್ಬ ಹಿಂದೆ, ಆಮೇಲೆ ಒಂದು ಕಡೆ ಬಂದು ಸೇರೋದು. ನಮ್ಮ ಕಿವಿಗೆ ಇದು ಹೊಸದಲ್ಲ, ಅವರಿಗೆ ದೊಡ್ಡ ಹೆಜ್ಜೆ. ಇನ್ನು ಪುಟ್ಟ ಆರ್ಗನ್ ಹಿಡಿದು ನಿಲ್ಲಿಸೋ ಸ್ವರದ ಗೊಂಚಲು ಜಪಾನಿನ ಶೋ ವಾದ್ಯದ್ದು. ಶೋ ನೋಡಿದೀರಾ? ಹದಿನೇಳು ಬಿದಿರು ಕೊಳವೆಗಳನ್ನ ಗುಂಡಗೆ ಜೋಡಿಸಿದ ಬಾಯಿವಾದ್ಯ. ಉಸಿರು ಬಿಟ್ಟರೂ ದನಿ, ಎಳಕೊಂಡರೂ ದನಿ, ಹಾಗಾಗಿ ನಾದ ಕಡಿಯೋದೇ ಇಲ್ಲ. ಉಸಿರಿನ ಪಸೆ ಒಳಗಿನ ಲೋಹದ ನಾಲಿಗೆ ಮೇಲೆ ಕೂರದೆ ಇರಲಿ ಅಂತ ನುಡಿಸುವವರು ಪಕ್ಕದಲ್ಲಿ ಕೆಂಡ ಇಟ್ಕೊಂಡು, ಅದರ ಮೇಲೆ ವಾದ್ಯ ತಿರುಗಿಸಿ ತಿರುಗಿಸಿ ಕಾಯಿಸ್ತಾರೆ. ಬ್ರಿಟನ್ ಟೋಕಿಯೋದಲ್ಲಿ ಅದನ್ನ ತಾವೇ ಬಾಯಿಗಿಟ್ಟು ನೋಡಿದವರು. ಫ್ರಾನ್ಸಿನ ಮೆಸಿಯಾನ್ ಕೂಡ 1962ರಲ್ಲಿ ಜಪಾನ್ ನೋಡಿ ಬಂದು ಬರೆದ ‘ಸೆತ್ ಹೈಕೈ’ನಲ್ಲಿ ಇದೇ ಶೋ ದನಿಯನ್ನ ಎಂಟು ಪಿಟೀಲಿನಿಂದ ತೆಗೆಸಿದರು. ಕರುಯಿಜಾವಾದ ಹಕ್ಕಿಗಳ ಕೂಗಿಗೇ ಅಂತ ಅದರಲ್ಲಿ ಒಂದು ಭಾಗ ಇದೆ.

ಬ್ರಿಟನ್ ಕಥೆಯಲ್ಲಿ ಒಂದು ಕಡೆ ಮಾತ್ರ ಮೂಲ ಬಿಟ್ಟರು. ಕೊನೆಯಲ್ಲಿ ಮಗುವಿನ ಆತ್ಮ ತಾಯಿಯನ್ನ ಹರಸುತ್ತೆ, ಅವಳ ಬುದ್ಧಿ ಸ್ವಾಧೀನಕ್ಕೆ ಬರುತ್ತೆ. ನನಗೆ ಮೂಲದ ಹುಲ್ಲುದಿಬ್ಬವೇ ಹೆಚ್ಚು ನಿಜ ಅನ್ಸುತ್ತೆ. ಆದರೂ ಅದು ಅವರ ನಂಬಿಕೆಯಿಂದ ಬಂದಿದ್ದು, ಸುಮ್ಮನೆ ಅಂಟಿಸಿದ್ದಲ್ಲ. ಪುಚ್ಚೀನಿ ಹಾಡು ತಗೊಂಡರು, ಇವರು ಕೇಳೋ ಬಗೆ ತಗೊಂಡರು. ನಾನು ಹೇಳ್ತಿರೋ ವ್ಯತ್ಯಾಸ ಇದೇ ಅಕ್ಕಾ.

ತಡೀರಿ, ತಾಕೆಮಿತ್ಸು ಹೆಸರು ಎತ್ತದೆ ನಿಮ್ಮನ್ನ ಬಿಡಲ್ಲ. ತೋರು ತಾಕೆಮಿತ್ಸು ಹುಟ್ಟಿದ್ದು 1930ರಲ್ಲಿ. ಹದಿನಾಲ್ಕರ ವಯಸ್ಸಿಗೆ ಯುದ್ಧದ ಕೆಲಸಕ್ಕೆ ಎಳೆದುಕೊಂಡು ಹೋದರು. ಬೆಟ್ಟದಲ್ಲಿ ಸೈನ್ಯದ ನೆಲೆ ತೋಡೋ ಕೆಲಸ. ಶತ್ರುದೇಶದ ಸಂಗೀತಕ್ಕೆ ನಿಷೇಧ. ಒಂದು ದಿನ ಒಬ್ಬ ಅಧಿಕಾರಿ ಹುಡುಗರನ್ನ ಒಳಗೆ ಕರೆದು, ಕೈಯಲ್ಲಿ ಕೀ ಕೊಡೋ ಗ್ರಾಮಫೋನಿಗೆ ಬಿದಿರನ್ನ ಚೂಪಾಗಿ ಕೆತ್ತಿದ ಮುಳ್ಳು ಹಾಕಿ, ಗುಟ್ಟಾಗಿ ಒಂದು ಫ್ರೆಂಚ್ ಪ್ರೇಮಗೀತೆ ಕೇಳಿಸಿದ. ಸಂಗೀತಗಾರ ಆಗಬೇಕು ಅಂತ ಆ ಹುಡುಗನಿಗೆ ಅನ್ನಿಸಿದ್ದು ಅಲ್ಲಿಂದ. ಯುದ್ಧ ಮುಗಿದ ಮೇಲೆ ಕಾಯಿಲೆ, ಬಡತನ. ಪಿಯಾನೊ ಇಲ್ಲ. ಬೀದಿಯಲ್ಲಿ ಹೋಗ್ತಾ ಯಾವ ಮನೆಯಿಂದಾದರೂ ಪಿಯಾನೊ ಕೇಳಿದರೆ ಬಾಗಿಲು ತಟ್ಟಿ, ಐದು ನಿಮಿಷ ಮುಟ್ಟಲಾ ಅಂತ ಕೇಳ್ತಿದ್ದರಂತೆ. ಮಿಕ್ಕ ಹೊತ್ತಲ್ಲಿ ಕಾಗದದ ಮೇಲೆ ಬರೆದ ಪಿಯಾನೊ ಮನೆಗಳ ಮೇಲೆ ಬೆರಳಾಡಿಸೋದು. ಒಂದು ದಿನ ಮನೆ ಬಾಗಿಲಿಗೆ ಪಿಯಾನೊ ಬಂತು. ಕಳಿಸಿದವರು ಮಾಯುಜುಮಿ ಅನ್ನೋ ಸಂಗೀತಕಾರ, ಅವರನ್ನ ಇವರು ಅದುವರೆಗೆ ನೋಡೇ ಇರಲಿಲ್ಲ.

1957ರಲ್ಲಿ ತಂತಿವಾದ್ಯಗಳಿಗೆ ‘ರೆಕ್ವಿಯೆಂ’ ಬರೆದರು. ಅಲ್ಲಿ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1959ರಲ್ಲಿ ರಷ್ಯಾ ಮೂಲದ ಸಂಗೀತಕಾರ ಸ್ಟ್ರಾವಿನ್‌ಸ್ಕಿ ಜಪಾನಿಗೆ ಬಂದಾಗ ರೇಡಿಯೋದವರು ಅವರಿಗೆ ಅಂತ ಒಂದಷ್ಟು ಟೇಪ್ ಹಾಕಿದರು. ಕೈತಪ್ಪಿ ಇದೂ ಬಂತು ಅಂತ ಹೇಳ್ತಾರೆ. ನಿಲ್ಲಿಸೋಕೆ ಹೋದಾಗ ಆ ಮುದುಕರು ಬೇಡ, ಪೂರ್ತಿ ಹಾಕಿ ಅಂದರು. ಆ ಸಂಗೀತದ ತೀವ್ರತೆಯನ್ನ ಎಲ್ಲರೆದುರು ಹೊಗಳಿದರು, ತಾಕೆಮಿತ್ಸುವನ್ನ ಊಟಕ್ಕೆ ಕರೆದರು.

ಆದರೆ ಆಗಿನ್ನೂ ತಾಕೆಮಿತ್ಸುಗೆ ಜಪಾನಿ ಸಂಗೀತ ಅಂದರೆ ಆಗ್ತಿರಲಿಲ್ಲ. ಅದನ್ನ ಕೇಳಿದರೆ ಯುದ್ಧದ ದಿನ ನೆನಪಾಗ್ತಿತ್ತು. ಆಗ ಅಮೆರಿಕದ ಜಾನ್ ಕೇಜ್ ಪರಿಚಯ. ಕೇಜ್ ನ್ಯೂಯಾರ್ಕ್‌ನಲ್ಲಿ ಡಿ.ಟಿ. ಸುಜುಕಿ ಅವರ ಝೆನ್ ಪಾಠ ಕೂತು ಕೇಳಿದವರು, ಮೌನವನ್ನೂ ಒಂದೊಂದೇ ಶಬ್ದವನ್ನೂ ಸಂಗೀತ ಅಂತ ಎತ್ತಿ ಹಿಡಿದವರು. ಅವರನ್ನ ಕಂಡ ಮೇಲೆ, ಬುನ್ರಾಕು ಬೊಂಬೆಯಾಟದ ಶಾಮಿಸೆನ್ ತಂತಿವಾದ್ಯ ಕೇಳಿದ ಮೇಲೆ, ಇವರ ಕಿವಿ ಮನೆ ಕಡೆ ತಿರುಗಿತು. ತನ್ನದರ ಬೆಲೆ ತನಗೆ ತಿಳಿಸಿಕೊಟ್ಟಿದ್ದಕ್ಕೆ ಕೇಜ್‌ಗೆ ಋಣಿ ಅಂತ ಅವರೇ ಬರಕೊಂಡಿದಾರೆ. ಜಪಾನಿನಿಂದ ಹೋದದ್ದು ಅಮೆರಿಕ ಸುತ್ತಿ ಜಪಾನಿಗೇ ಬಂತು. ಇದನ್ನ ಯಾರ ನಕಲು ಅಂತೀರಿ?

ಅವರು ಹಿಡಿದದ್ದು ಬೀವಾ. ನಮ್ಮ ವೀಣೆಗೆ ದೂರದ ನೆಂಟ ಅನ್ನೋ ಹಾಗಿದೆ, ಅರ್ಧ ಸೀಳಿದ ಹಾಗಿರೋ ಬುರುಡೆ, ಬೀಸಣಿಗೆಯಷ್ಟು ಅಗಲದ ಮರದ ಮೀಟು. ಮೆಟ್ಟುಗಳು ಎತ್ತರ. ನೀವು ವೀಣೆಯಲ್ಲಿ ತಂತಿ ಪಕ್ಕಕ್ಕೆ ಎಳೆದು ಗಮಕ ತೆಗೀತೀರಿ, ಅವರು ಎರಡು ಮೆಟ್ಟಿನ ನಡುವೆ ತಂತಿ ಒತ್ತಿ ಸ್ವರ ಏರಿಸ್ತಾರೆ. ಇನ್ನೊಂದು ಮುಖ್ಯ. ನೀವು ತಂಬೂರಿಗೆ ಕುದುರೆ ಮೇಲೆ ಎಳೆ ಸರಿಸಿ ಸರಿಸಿ ಜೀವಾಳ ಕೂರಿಸ್ತೀರಲ್ಲ, ಝೇಂ ಅನ್ನೋ ಆ ಗುಂಯ್‌ಗುಡುವಿಕೆ ಬೀವಾದಲ್ಲೂ ಬೇಕೇ ಬೇಕು. ‘ಸವಾರಿ’ ಅಂತಾರೆ. ಮೆಟ್ಟಿನ ತಲೆಯನ್ನ ಕೂದಲಷ್ಟು ಕೂದಲಷ್ಟು ಕೆತ್ತಿ, ಮಿಡಿದ ತಂತಿ ಅದಕ್ಕೆ ಸವರೋ ಹಾಗೆ ಮಾಡ್ತಾರೆ. ಪಾಶ್ಚಾತ್ಯ ವಾದ್ಯ ಮಾಡುವವರು ಇಂಥ ಗುಂಯ್ ಅನ್ನೋದನ್ನ ದೋಷ ಅಂತ ತೆಗೆದುಹಾಕ್ತಾರೆ. ತಾಕೆಮಿತ್ಸುಗೆ ಒಂದೇ ಮೀಟಿನಲ್ಲಿ ಲೋಕ ಕೇಳಿಸಿದ್ದು ಅದರಿಂದಲೇ.

ಬೀವಾ, ಶಾಕುಹಾಚಿ ಎರಡಕ್ಕೇ ಅಂತ ಅವರು ಬರೆದಿದ್ದ ‘ಎಕ್ಲಿಪ್ಸ್’ನ ಟೇಪನ್ನ ಕಂಡಕ್ಟರ್ ಸೇಜಿ ಒಜಾವಾ ನ್ಯೂಯಾರ್ಕ್‌ನಲ್ಲಿ ಅಲ್ಲಿಯ ವಾದ್ಯವೃಂದದ ಮುಖ್ಯಸ್ಥ ಲಿಯೊನಾರ್ಡ್ ಬರ್ನ್‌ಸ್ಟೀನ್‌ಗೆ ಕೇಳಿಸಿದರು. ಅದರಿಂದ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ 125ನೇ ವರ್ಷಕ್ಕೆ ಹೊಸ ಕೃತಿ ಬರೆಯೋ ಕರೆ ಬಂತು, ಇವೆರಡು ವಾದ್ಯಕ್ಕೂ ಇಡೀ ಆರ್ಕೆಸ್ಟ್ರಾಕ್ಕೂ. ತಾಕೆಮಿತ್ಸು ಬೆಟ್ಟದ ಮೇಲಿನ ಮನೆಗೆ ಹೋದರು, ಜೊತೆಗೆ ಒಯ್ದದ್ದು ಡೆಬ್ಯುಸಿಯ ಎರಡು ಕೃತಿಗಳ ಸ್ವರಲಿಪಿ. ಮೊದಲು ಜಪಾನಿ ವಾದ್ಯಗಳನ್ನೂ ಆರ್ಕೆಸ್ಟ್ರಾವನ್ನೂ ಬೆರೆಸಬೇಕು ಅಂತಿದ್ದರು. ಎಷ್ಟು ಮಾಡಿದರೂ ಬೆರೆಯಲಿಲ್ಲ. ಕೊನೆಗೆ ಬೆರೆಸೋದೇ ಬೇಡ, ಎರಡೂ ಬೇರೆ ಅಂತಲೇ ಎದುರುಬದುರು ನಿಲ್ಲಲಿ ಅಂತ ಗಟ್ಟಿ ಮನಸ್ಸು ಮಾಡಿದರು. ನನಗೆ ಅವರ ಮೇಲೆ ಅಷ್ಟು ಗೌರವ ಬರೋಕೆ ಈ ನಿರ್ಧಾರವೇ ಕಾರಣ. ಆಮೇಲೆ ಫ್ಯೂಷನ್ ಅಂತ ಎಷ್ಟೋ ಬಂತು, ಎರಡೂ ರುಚಿ ಕೆಡಿಸಿದವೇ ಜಾಸ್ತಿ.

‘ನವೆಂಬರ್ ಸ್ಟೆಪ್ಸ್’ ಅಂತ ಹೆಸರು. 1967ರ ನವೆಂಬರ್ 9, ಒಜಾವಾ ನಿರ್ದೇಶನ. ಬೀವಾ ಕಿನ್ಷಿ ತ್ಸುರುತಾ, ಹೆಣ್ಣುಮಗಳು; ಶಾಕುಹಾಚಿ ಕಾತ್ಸುಯಾ ಯೊಕೊಯಾಮಾ. ಕೊನೆ ಕಡೆಗೆ ಆರ್ಕೆಸ್ಟ್ರಾ ಪೂರ್ತಿ ಸುಮ್ಮನಾಗುತ್ತೆ, ಇವರಿಬ್ಬರೇ ನಿಮಿಷಗಟ್ಟಲೆ ನುಡಿಸ್ತಾರೆ. ಬಿದಿರಿನೊಳಗೆ ಗಾಳಿ ಸೀಳೋ ಸದ್ದು, ಅಗಲ ಮೀಟು ತಂತಿಗೂ ಮರಕ್ಕೂ ಒಟ್ಟಿಗೆ ಬೀಳೋ ಪೆಟ್ಟು. ಅಷ್ಟು ದೊಡ್ಡ ವೃಂದ ಕೈಕಟ್ಟಿ ಕೇಳ್ತಾ ಕೂತಿರುತ್ತೆ.

ಅಂದ ಹಾಗೆ ಡೆಬ್ಯುಸಿ ಅಂದೆನಲ್ಲ. ಅವರ ‘ಲಾ ಮೇರ್’, ಕಡಲಿನ ಮೇಲೆ ಬರೆದ ಕೃತಿ, 1905ರಲ್ಲಿ ಅಚ್ಚಾದಾಗ ರಕ್ಷಾಪುಟದ ಮೇಲೆ ಇದ್ದದ್ದು ಹೊಕುಸಾಯಿಯ ದೊಡ್ಡ ಅಲೆ. ನಿಮ್ಮ ಮಗ ಕಳಿಸಿದ ಕ್ಯಾಲೆಂಡರ್‌ನಲ್ಲಿ ಇದೆಯಲ್ಲ, ಅದೇ ಚಿತ್ರ. 1991ರಲ್ಲಿ ತಾಕೆಮಿತ್ಸು ಎರಡು ಪಿಯಾನೊ ಮತ್ತು ಆರ್ಕೆಸ್ಟ್ರಾಗೆ ‘ಕೊಟೇಷನ್ ಆಫ್ ಡ್ರೀಮ್’ ಬರೆದಾಗ ಅದರೊಳಗೆ ‘ಲಾ ಮೇರ್’ನ ತುಣುಕುಗಳನ್ನ ಹಾಗ್ಹಾಗೇ ತಂದು ಕೂರಿಸಿದರು. ಮುಚ್ಚಿಟ್ಟು ಅಲ್ಲ, ಡೆಬ್ಯುಸಿಯದ್ದು ಅಂತ ಕೇಳುವವರಿಗೆ ಗೊತ್ತಾಗೋ ಹಾಗೆಯೇ.

ಸರಿ, ನಿಮ್ಮನ್ನ ತುಂಬಾ ಹೊತ್ತು ಹಿಡಿದು ಕೂರಿಸಿದೆ. ಸಂಜೆ ವೀಣೆ ಸಾಧನೆ ಮುಗಿಸಿ ಬನ್ನಿ. ಮೊದಲು ‘ಹಾರು ನೋ ಉಮಿ’, ಆ ಪಿಟೀಲಿನ ಹಳೇ ಪ್ಲೇಟಿನದ್ದೇ. ಆಮೇಲೆ ‘ನವೆಂಬರ್ ಸ್ಟೆಪ್ಸ್’ನಲ್ಲಿ ಇವರಿಬ್ಬರೇ ನುಡಿಸೋ ಭಾಗ. ತ್ಸುರುತಾ ಅವರ ಬೀವಾದ ಸವಾರಿ ನಿಮ್ಮ ತಂಬೂರಿಯ ಜೀವಾಳಕ್ಕೆ ಎಷ್ಟು ಹತ್ತಿರ, ಎಲ್ಲಿ ದೂರ, ಅದನ್ನ ನನಗಿಂತ ನೀವೇ ಚೆನ್ನಾಗಿ ಹೇಳಬಲ್ಲಿರಿ.